ಟೊಮೊಗ್ರಫಿ ದತ್ತಾಂಶ ಇತರರಿಗೂ ದಕ್ಕಬೇಕಾದರೆ: ಕಡತದ ರೂಪ, ಭಂಡಾರ ಮತ್ತು ಮೆಟಾಡೇಟಾಗಳ ಆಯ್ಕೆಗೊಂದು ಮಾರ್ಗದರ್ಶಿ

ವಸ್ತುವೊಂದರ ಎಕ್ಸ್-ರೇ ಚಿತ್ರಗಳನ್ನು ಹಲವು ಕೋನಗಳಿಂದ ತೆಗೆದು ಅದರ ಒಳರಚನೆಯನ್ನು ಮೂರು ಆಯಾಮಗಳಲ್ಲಿ ಲೆಕ್ಕ ಹಾಕುವ ಎಕ್ಸ್-ರೇ ಟೊಮೊಗ್ರಫಿಯಲ್ಲಿ ಕೆಲಸ ಮಾಡುವವರು ತಮ್ಮ ಸ್ಕ್ಯಾನ್‌ಗಳನ್ನು ಸಾರ್ವಜನಿಕವಾಗಿ ಹಂಚಿಕೊಳ್ಳಲು ಹೊರಟಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಟಿಫ್ ಎಂಬ ಸಾಮಾನ್ಯ ಚಿತ್ರ ಕಡತಗಳನ್ನು ಝೆನೊಡೊ ಎಂಬ ಸರ್ವವಿಷಯ ಭಂಡಾರದಲ್ಲಿ ಹಾಕಿದರೆ ಸಾಕೇ, ಇಲ್ಲವೇ ಎಲ್ಲವನ್ನೂ ಒಂದೇ ಕಡತದಲ್ಲಿ ಹಿಡಿಸುವ ಎಚ್‌ಡಿಎಫ್5 ರೂಪಕ್ಕೆ ಬದಲಿಸಿ, ಒಂದೇ ಕ್ಷೇತ್ರಕ್ಕೆ ಮೀಸಲಾದ ವಿಷಯ ಭಂಡಾರವೊಂದಕ್ಕೆ ಒಪ್ಪಿಸಬೇಕೇ? ಈ ಒಂದು ಪ್ರಶ್ನೆಯೊಳಗೆ ಬೇರೆ ಬೇರೆಯಾಗಿ ತೀರ್ಮಾನಿಸಬೇಕಾದ ಮೂರು ವಿಷಯಗಳು ಸೇರಿಕೊಂಡಿವೆ. ದತ್ತಾಂಶ ಯಾವ ರೂಪದಲ್ಲಿರಬೇಕು, ಎಲ್ಲಿರಬೇಕು, ಅದರೊಂದಿಗೆ ಎಷ್ಟು ವಿವರ (ಮೆಟಾಡೇಟಾ) ಇರಬೇಕು ಎಂಬವೇ ಆ ಮೂರು. ಹೆಚ್ಚಿನವರು ಮೊದಲ ಎರಡರಲ್ಲೇ ತಮ್ಮ ಸಮಯವನ್ನೆಲ್ಲ ಕಳೆದು, ಮೂರನೆಯದನ್ನು ಕೊನೆಯ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಕ್ರಮ ಇದಕ್ಕೆ ತದ್ವಿರುದ್ಧವಾಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾಧಾರಣ ರೂಪದಲ್ಲಿ, ಸಾಧಾರಣ ಭಂಡಾರದಲ್ಲಿರುವ ದತ್ತಾಂಶವೂ ವಿವರಗಳು ಪೂರ್ಣವಾಗಿದ್ದರೆ ಮುಂದೆ ಬಳಕೆಗೆ ಬರುತ್ತದೆ. ವಿವರಗಳಿಲ್ಲದ ದತ್ತಾಂಶವನ್ನು ಅತ್ಯುತ್ತಮ ರೂಪವಾಗಲಿ ಭಂಡಾರವಾಗಲಿ ಕಾಪಾಡಲಾರದು.

ಅಳೆಯಬೇಕಾದ ಮಾನದಂಡಗಳು

ಮೊದಲು ಕೇಳಿಕೊಳ್ಳಬೇಕಾದದ್ದು, ಈ ದತ್ತಾಂಶವನ್ನು ಮತ್ತೆ ಬಳಸುವವರು ಯಾರು ಎಂಬುದು. ಮರುರಚನೆಯ, ಅಂದರೆ ಎಕ್ಸ್-ರೇ ಚಿತ್ರಗಳಿಂದ ಮೂರು ಆಯಾಮದ ಘನವನ್ನು ಲೆಕ್ಕ ಹಾಕುವ, ಹೊಸ ವಿಧಾನವನ್ನು ರೂಪಿಸುತ್ತಿರುವ ಗಣಿತಜ್ಞರಿಗೆ ಬೇಕಾಗಿರುವುದು ಕಚ್ಚಾ ಪ್ರೊಜೆಕ್ಷನ್‌ಗಳು (ಬೇರೆ ಬೇರೆ ಕೋನಗಳಿಂದ ತೆಗೆದ ಎಕ್ಸ್-ರೇ ಚಿತ್ರಗಳು), ಜೊತೆಗೆ ಫ್ಲಾಟ್ (ಮಾದರಿಯಿಲ್ಲದೆ ತೆಗೆದ) ಮತ್ತು ಡಾರ್ಕ್ (ಎಕ್ಸ್-ರೇ ಇಲ್ಲದೆ ತೆಗೆದ) ಚಿತ್ರಗಳು. ಕಪ್ಪೆಯ ತಲೆಬುರುಡೆಯ ರಚನೆಯನ್ನು ಅಳೆಯುವ ಜೀವಶಾಸ್ತ್ರಜ್ಞರಿಗೆ ಮರುರಚಿಸಿದ ಸ್ಲೈಸ್‌ಗಳು, ಅಂದರೆ ಅಡ್ಡಕೊಯ್ತದ ಚಿತ್ರಗಳು, ಸಾಕು. ತರಗತಿಯಲ್ಲಿ ತೋರಿಸಬೇಕಾದ ಅಧ್ಯಾಪಕರಿಗೆ ಕುಗ್ಗಿಸಿದ ಒಂದು ಪ್ರತಿಯೇ ಬೇಕಾದಷ್ಟಾಯಿತು. ಈ ಮೂವರಿಗೂ ಒಂದೇ ಕಡತ ಹೊಂದುವುದಿಲ್ಲ. ಯಾರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದೇವೆ ಎಂಬುದು ಸ್ಪಷ್ಟವಾದರೆ ಉಳಿದ ಆಯ್ಕೆಗಳು ತಾವಾಗಿಯೇ ಕಿರಿದಾಗುತ್ತವೆ.

ಎರಡನೆಯ ಮಾನದಂಡ, ವಿವರಗಳು ದತ್ತಾಂಶದ ಜೊತೆಯಲ್ಲೇ ಸಾಗುತ್ತವೆಯೇ ಎಂಬುದು. ಒಂದು ಕಡತವನ್ನು ಇಳಿಸಿಕೊಂಡು, ಬೇರೊಂದು ಗಣಕಕ್ಕೆ ಸಾಗಿಸಿ, ಐದು ವರ್ಷಗಳ ನಂತರ ತೆರೆದಾಗಲೂ ಅದರ ವೋಕ್ಸೆಲ್ (ಮೂರು ಆಯಾಮದ ಪಿಕ್ಸೆಲ್) ಗಾತ್ರ ಎಷ್ಟೆಂದು ತಿಳಿಯಬೇಕು. ಮೂರನೆಯದು ಜಾಲ ಸಂಪರ್ಕ ನಿಧಾನವಾಗಿರುವವರಿಗೆ ಸಂಬಂಧಿಸಿದ್ದು: ಪೂರ್ತಿ ಇಳಿಸಿಕೊಳ್ಳದೆಯೇ ದತ್ತಾಂಶವನ್ನು ನೋಡಲು, ಅದು ತಮಗೆ ಉಪಯುಕ್ತವೇ ಎಂದು ತೀರ್ಮಾನಿಸಲು ಸಾಧ್ಯವೇ? ನಾಲ್ಕನೆಯದು ಹುಡುಕಾಟ. ಶೀರ್ಷಿಕೆಯಿಂದ ಮಾತ್ರವಲ್ಲದೆ ಪ್ರಭೇದ, ವಸ್ತು, ರೆಸಲ್ಯೂಶನ್ ಮುಂತಾದವುಗಳಿಂದಲೂ ಸಿಗುವಂತಿರಬೇಕು, ಮತ್ತು ಡಿಒಐಯಂತಹ ಶಾಶ್ವತ ಗುರುತಿನ ಸಂಖ್ಯೆ ಇರಬೇಕು. ಇನ್ನು ಬಾಳಿಕೆ: ಯೋಜನೆಯ ಅನುದಾನ ಮುಗಿದ ಮೇಲೆ ಸಂಗ್ರಹದ ಖರ್ಚನ್ನು ಯಾರು ಹೊರುತ್ತಾರೆ? ಕೊನೆಯದಾಗಿ ಅನುಮತಿ: ಸ್ಕ್ಯಾನ್ ಮಾಡಿದ ಮಾದರಿ ಯಾರದು, ರೋಗಿಯ ಗುರುತು ಅದರಲ್ಲಿ ಅಡಗಿದೆಯೇ, ಯಾವ ಪರವಾನಗಿ ಕೊಡಲು ನಮಗೆ ಅಧಿಕಾರವಿದೆ?

ದತ್ತಾಂಶ ಹುಡುಕಿದರೆ ಸಿಗುವಂತೆ, ದಕ್ಕುವಂತೆ, ಇತರ ದತ್ತಾಂಶದೊಂದಿಗೆ ಹೊಂದುವಂತೆ, ಮರುಬಳಕೆಗೆ ಬರುವಂತೆ ಇರಬೇಕು ಎನ್ನುವ, 2016ರಲ್ಲಿ ಪ್ರಕಟವಾದ ಫೇರ್ ತತ್ತ್ವಗಳು ಇವುಗಳಲ್ಲಿ ಬಹುಪಾಲನ್ನು ಒಳಗೊಂಡಿವೆ. ಅವುಗಳಲ್ಲಿ ಎರಡು ಅಂಶಗಳನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ದಕ್ಕುವಂತಿರುವುದು ಎಂದರೆ ಎಲ್ಲರಿಗೂ ತೆರೆದಿಡುವುದು ಎಂದೇ ಅರ್ಥವಲ್ಲ. ಯಾರು, ಹೇಗೆ ಪಡೆಯಬಹುದು ಎಂಬುದು ಸ್ಪಷ್ಟವಾಗಿದ್ದರೆ ಸಾಕು. ದತ್ತಾಂಶವೇ ಇಲ್ಲವಾದ ಮೇಲೂ ಅದರ ಮೆಟಾಡೇಟಾ ಸಿಗುತ್ತಿರಬೇಕು ಎಂಬುದು ಇನ್ನೊಂದು. ಹಂಚಿಕೊಳ್ಳಲಾಗದ ದತ್ತಾಂಶ ಇರುವವರೂ ಸುಮ್ಮನೆ ಕೂರಬೇಕಿಲ್ಲ ಎಂಬ ಮಾತು ಈ ಎರಡನೆಯ ಅಂಶದಲ್ಲಿದೆ.

ಗಾತ್ರದ ಲೆಕ್ಕ

ಆಯ್ಕೆಗಳನ್ನು ತೂಗುವ ಮುನ್ನ ಗಾತ್ರದ ಅಂದಾಜು ಕೈಯಲ್ಲಿರಬೇಕು. ಅಡ್ಡಕ್ಕೂ ಉದ್ದಕ್ಕೂ 2048 ಪಿಕ್ಸೆಲ್‌ಗಳಿರುವ ಡಿಟೆಕ್ಟರ್‌ನಲ್ಲಿ 16 ಬಿಟ್‌ನ ಒಂದು ಪ್ರೊಜೆಕ್ಷನ್ ಸುಮಾರು 8.4 ಮೆಗಾಬೈಟ್ ಆಗುತ್ತದೆ. 2000 ಪ್ರೊಜೆಕ್ಷನ್‌ಗಳ ಒಂದು ಸ್ಕ್ಯಾನ್ ಸುಮಾರು 16.8 ಗಿಗಾಬೈಟ್. ಅದರಿಂದ ಮೂರೂ ದಿಕ್ಕುಗಳಲ್ಲಿ 2048 ವೋಕ್ಸೆಲ್‌ಗಳ ಘನವನ್ನು 32 ಬಿಟ್‌ನಲ್ಲಿ ಮರುರಚಿಸಿದರೆ 34 ಗಿಗಾಬೈಟ್‌ಗೂ ಹೆಚ್ಚು, 16 ಬಿಟ್‌ಗೆ ಇಳಿಸಿದರೆ ಅದರ ಅರ್ಧ. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಈ 16 ಬಿಟ್ ಘನವನ್ನು ಇಳಿಸಿಕೊಳ್ಳಲು ಎಲ್ಲವೂ ಸರಾಗವಾಗಿ ನಡೆದರೂ ನಾಲ್ಕು ಗಂಟೆಗಳ ಹತ್ತಿರ ಬೇಕು. ಅದೇ ಘನವನ್ನು ಪ್ರತಿ ದಿಕ್ಕಿನಲ್ಲೂ ನಾಲ್ಕನೇ ಒಂದು ಭಾಗಕ್ಕೆ ಕುಗ್ಗಿಸಿದ ಪ್ರತಿ ಸುಮಾರು 270 ಮೆಗಾಬೈಟ್ ಮಾತ್ರ. ಅದು ಇಳಿಯಲು ನಾಲ್ಕು ನಿಮಿಷವೂ ಬೇಡ.

ಯಾವ ರೂಪ, ಯಾವ ಭಂಡಾರ ಎಂಬ ಚರ್ಚೆಗೆ ಹೋಗದೆಯೇ, ಯಾವ ಖರ್ಚೂ ಇಲ್ಲದೆ ಮಾಡಬಹುದಾದ ದೊಡ್ಡ ಸುಧಾರಣೆ ಈ ಲೆಕ್ಕದಲ್ಲೇ ಇದೆ. ಪ್ರತಿಯೊಂದು ಪೂರ್ಣ ದತ್ತಾಂಶದ ಪಕ್ಕದಲ್ಲೂ ಕುಗ್ಗಿಸಿದ ಒಂದು ಪ್ರತಿಯನ್ನು ಪ್ರತ್ಯೇಕ ಕಡತವಾಗಿ ಇಡಿ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಯುರೋಪಿಯನ್ ಸಿಂಕ್ರೊಟ್ರಾನ್ (ಅತಿ ಪ್ರಖರ ಎಕ್ಸ್-ರೇ ಉತ್ಪಾದಿಸುವ ಬೃಹತ್ ಯಂತ್ರ) ಕೇಂದ್ರದಲ್ಲಿ ಮನುಷ್ಯರ ಇಡೀ ಅಂಗಾಂಗಗಳನ್ನು ಸ್ಕ್ಯಾನ್ ಮಾಡಿ ರೂಪಿಸಲಾದ ಹ್ಯೂಮನ್ ಆರ್ಗನ್ ಅಟ್ಲಾಸ್ ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿ ಒಂದೇ ದತ್ತಾಂಶವನ್ನು ಕುಗ್ಗಿಸಿದ ಹಲವು ಹಂತಗಳಲ್ಲಿ ಕೊಡುವುದರ ಜೊತೆಗೆ, ಬ್ರೌಸರ್‌ನಲ್ಲೇ ನೋಡುವ ವ್ಯವಸ್ಥೆಯೂ ಇದೆ.

ಯಾವ ರೂಪ?

ಟಿಫ್ ಸ್ಲೈಸ್‌ಗಳ ಸರಣಿ ಇಂದಿಗೂ ಎಲ್ಲರಿಗೂ ತೆರೆಯಲು ಬರುವ ರೂಪ. ಫಿಜಿ, 3ಡಿ ಸ್ಲೈಸರ್, ನಪಾರಿ ಸೇರಿದಂತೆ ಯಾವ ತಂತ್ರಾಂಶಕ್ಕಾದರೂ ಇದು ಪರಿಚಿತ. ಒಂದು ಸ್ಲೈಸ್ ಕೆಟ್ಟರೂ ಉಳಿದವು ಉಳಿಯುತ್ತವೆ. ಕಲಿಯಬೇಕಾದದ್ದು ಏನೂ ಇಲ್ಲ ಎಂಬುದು ಸಣ್ಣ ತಂಡಗಳಿಗೆ ದೊಡ್ಡ ಅನುಕೂಲ. ಇದರ ದೌರ್ಬಲ್ಯ ಇರುವುದು ಎರಡನೆಯ ಮಾನದಂಡದಲ್ಲಿ. ಟಿಫ್‌ನ ಮೂಲ ನಿರ್ದಿಷ್ಟತೆಯಲ್ಲಿ ಅಡ್ಡ ಮತ್ತು ಉದ್ದದ ರೆಸಲ್ಯೂಶನ್‌ಗೆ ಜಾಗವಿದೆ, ಸ್ಲೈಸ್‌ಗಳ ನಡುವಿನ ಅಂತರಕ್ಕೆ ಇಲ್ಲ. ಟ್ಯೂಬಿನ ವೋಲ್ಟೇಜ್, ಫಿಲ್ಟರ್, ಮರುರಚನೆಯ ವಿಧಾನ ಇವಕ್ಕಂತೂ ಇಲ್ಲವೇ ಇಲ್ಲ. ಇಮೇಜ್‌ಜೆಯಂತಹ ತಂತ್ರಾಂಶಗಳು ವಿವರಣೆಯ ಟ್ಯಾಗ್‌ನಲ್ಲಿ ಒಂದಿಷ್ಟನ್ನು ಬರೆದಿಡುತ್ತವೆಯಾದರೂ ಬೇರೊಂದು ತಂತ್ರಾಂಶ ಅದನ್ನು ಓದುತ್ತದೆ ಎಂಬ ಭರವಸೆಯಿಲ್ಲ. ಎಲ್ಲ ಸ್ಲೈಸ್‌ಗಳನ್ನೂ ಒಂದೇ ಕಡತಕ್ಕೆ ಸೇರಿಸುವವರು ಸಾಮಾನ್ಯ ಟಿಫ್‌ಗೆ 4 ಗಿಗಾಬೈಟ್‌ನ ಮಿತಿ ಇದೆ ಎಂಬುದನ್ನೂ, ಅದನ್ನು ದಾಟಲು ಬಿಗ್‌ಟಿಫ್ ಬೇಕೆಂಬುದನ್ನೂ ತಿಳಿದಿರಬೇಕು. ಟಿಫ್ ಆರಿಸಿಕೊಂಡವರಿಗೆ ಪ್ರತ್ಯೇಕ ವಿವರಣಾ ಕಡತ ಕಡ್ಡಾಯ. ಅದು ಸ್ಲೈಸ್‌ಗಳಿರುವ ಜಿಪ್ ಕಡತದ ಒಳಗೂ ಇರಬೇಕು, ಹೊರಗೂ ಇರಬೇಕು.

ಡೈಕಾಮ್ ವೈದ್ಯಕೀಯ ಚಿತ್ರಗಳಿಗಾಗಿ ಹುಟ್ಟಿದ ಮಾನಕ. ಪಿಕ್ಸೆಲ್ ಅಂತರ, ಸ್ಲೈಸ್‌ನ ದಪ್ಪ, ಟ್ಯೂಬಿನ ವೋಲ್ಟೇಜ್ ಎಲ್ಲವೂ ನಿಗದಿತ ಟ್ಯಾಗ್‌ಗಳಲ್ಲಿ ಚಿತ್ರದ ಒಳಗೇ ಕೂತಿರುತ್ತವೆ. ನೀರನ್ನು 0 ಮತ್ತು ಗಾಳಿಯನ್ನು −1000 ಎಂದು ಎಣಿಸುವ ಹೌನ್ಸ್‌ಫೀಲ್ಡ್ ಮಾನಕ್ಕೆ ಮೌಲ್ಯಗಳನ್ನು ಪರಿವರ್ತಿಸುವ ಸೂತ್ರವೂ ಅದರಲ್ಲೇ ಇರುತ್ತದೆ. ಆಸ್ಪತ್ರೆಯ ಸಿಟಿ ಯಂತ್ರದಲ್ಲಿ ಮಾಡಿದ ಸ್ಕ್ಯಾನ್ ಆಗಿದ್ದರೆ, ಅದು ರೋಗಿಯದ್ದಾಗಲಿ ಪಳೆಯುಳಿಕೆಯದ್ದಾಗಲಿ, ಡೈಕಾಮ್‌ನಲ್ಲೇ ಉಳಿಸಿಕೊಳ್ಳುವುದು ಸೂಕ್ತ. ಆದರೆ ವಿವರಗಳನ್ನು ಒಳಗೇ ಇಟ್ಟುಕೊಳ್ಳುವ ಇದೇ ಗುಣ ಮನುಷ್ಯರ ದತ್ತಾಂಶದಲ್ಲಿ ಅಪಾಯವೂ ಹೌದು. ಹೆಸರು, ಜನ್ಮ ದಿನಾಂಕ, ಆಸ್ಪತ್ರೆಯ ಗುರುತಿನ ಸಂಖ್ಯೆ ಇವುಗಳನ್ನು ತೆಗೆದುಹಾಕಿದರೂ ತಯಾರಕರ ಖಾಸಗಿ ಟ್ಯಾಗ್‌ಗಳಲ್ಲಿ ಸುಳಿವುಗಳು ಉಳಿದಿರಬಹುದು. ತಲೆಯ ಸ್ಕ್ಯಾನ್‌ನಿಂದ ಮುಖವನ್ನೇ ಮತ್ತೆ ಮೂಡಿಸಬಹುದು. ಸಣ್ಣ ಮಾದರಿಗಳನ್ನು ಅತಿ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡುವ ಮೈಕ್ರೊ-ಸಿಟಿಯ ದತ್ತಾಂಶವನ್ನು ಡೈಕಾಮ್‌ಗೆ ಬದಲಿಸುವುದರಿಂದ ವೈದ್ಯಕೀಯ ತಂತ್ರಾಂಶಗಳಲ್ಲಿ ತೆರೆಯುವ ಅನುಕೂಲವನ್ನು ಬಿಟ್ಟರೆ ಹೆಚ್ಚಿನ ಲಾಭ ನನಗೆ ಕಾಣುವುದಿಲ್ಲ.

ಕಚ್ಚಾ ಪ್ರೊಜೆಕ್ಷನ್‌ಗಳನ್ನು ಉಳಿಸಬೇಕೆನ್ನುವವರಿಗೆ ಎಚ್‌ಡಿಎಫ್5ಗೆ ಸರಿಸಾಟಿಯಾದದ್ದು ಇಲ್ಲ. ಒಂದೇ ಕಡತದೊಳಗೆ ಪ್ರೊಜೆಕ್ಷನ್‌ಗಳು, ಪ್ರತಿ ಪ್ರೊಜೆಕ್ಷನ್‌ನ ಕೋನ, ಫ್ಲಾಟ್ ಮತ್ತು ಡಾರ್ಕ್ ಚಿತ್ರಗಳು, ದೂರಗಳು, ಶಕ್ತಿ, ಮಾದರಿಯ ವಿವರ ಎಲ್ಲವನ್ನೂ ಶ್ರೇಣೀಕೃತವಾಗಿ ಜೋಡಿಸಬಹುದು. ಮಾಹಿತಿ ನಷ್ಟವಾಗದಂತೆ ಕುಗ್ಗಿಸಲೂಬಹುದು. ಆದರೆ ಎಚ್‌ಡಿಎಫ್5 ಎಂಬುದು ಪಾತ್ರೆ ಮಾತ್ರ. ಒಳಗೆ ಯಾವುದು ಎಲ್ಲಿರಬೇಕೆಂದು ಅದು ಹೇಳುವುದಿಲ್ಲ. ಆ ಒಪ್ಪಂದವನ್ನು ನೆಕ್ಸಸ್ ಎಂಬ ಮಾನಕದ ಎನ್‌ಎಕ್ಸ್‌ಟೊಮೊ ವಿನ್ಯಾಸ ಒದಗಿಸುತ್ತದೆ. ಅದರಲ್ಲಿ ಪ್ರತಿ ಚಿತ್ರಕ್ಕೂ ಒಂದು ಸಂಕೇತ ಸಂಖ್ಯೆಯಿರುತ್ತದೆ: 0 ಎಂದರೆ ಪ್ರೊಜೆಕ್ಷನ್, 1 ಎಂದರೆ ಫ್ಲಾಟ್, 2 ಎಂದರೆ ಡಾರ್ಕ್, 3 ಎಂದರೆ ಬಳಸಬಾರದ ಚಿತ್ರ. ಇಷ್ಟು ಸರಳವಾದ ಒಂದು ಒಪ್ಪಂದವಿದ್ದರೆ, ನಿಮ್ಮನ್ನು ಎಂದೂ ಸಂಪರ್ಕಿಸದ ಒಬ್ಬರು ನಿಮ್ಮ ಸ್ಕ್ಯಾನನ್ನು ನೇರವಾಗಿ ಮರುರಚಿಸಬಲ್ಲರು. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದವರು ರೂಪಿಸಿದ ಡೇಟಾ ಎಕ್ಸ್‌ಚೇಂಜ್ ಎಂಬ ಇನ್ನೊಂದು ವಿನ್ಯಾಸವೂ ಬಳಕೆಯಲ್ಲಿದೆ. ಎರಡರಲ್ಲಿ ನಿಮ್ಮ ಕೇಂದ್ರ ಯಾವುದನ್ನು ಬಳಸುತ್ತದೋ ಅದನ್ನೇ ಉಳಿಸಿಕೊಳ್ಳಿ. ಎಚ್‌ಡಿಎಫ್5ರ ಕೊರತೆಗಳೆಂದರೆ, ಓದಲು ಅದರದೇ ಲೈಬ್ರರಿ ಬೇಕು, ಮತ್ತು ದೂರದ ಸರ್ವರ್‌ನಲ್ಲಿರುವ ಕಡತದ ಒಂದು ಸಣ್ಣ ಭಾಗವನ್ನಷ್ಟೇ ಬ್ರೌಸರ್ ಮೂಲಕ ತೆರೆಯುವುದು ಸುಲಭವಲ್ಲ.

ಒಎಂಇ-ಝಾರ್ ಎಂಬ ರೂಪ ಹುಟ್ಟಿಕೊಂಡಿರುವುದು ಈ ಕೊನೆಯ ಕೊರತೆಯನ್ನು ನೀಗಿಸಲೆಂದೇ. ಇದು ಘನವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಹಲವು ರೆಸಲ್ಯೂಶನ್‌ಗಳಲ್ಲಿ ಇಡುತ್ತದೆ. ನ್ಯೂರೊಗ್ಲಾನ್ಸರ್‌ನಂತಹ ವೀಕ್ಷಕಗಳು ಪರದೆಗೆ ಬೇಕಾದ ತುಂಡುಗಳನ್ನು ಮಾತ್ರ ತರಿಸಿಕೊಳ್ಳುತ್ತವೆ. ನೂರಾರು ಗಿಗಾಬೈಟ್‌ಗಳ ಸ್ಕ್ಯಾನನ್ನು ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಸುತ್ತಾಡಿ ನೋಡಲು ಸಾಧ್ಯವಾಗುವುದು ಹೀಗೆ, ಮತ್ತು ದಕ್ಕುವಿಕೆಯ ದೃಷ್ಟಿಯಿಂದ ಇದು ಇತ್ತೀಚಿನ ವರ್ಷಗಳ ಅತ್ಯಂತ ಸಂತಸದ ಬೆಳವಣಿಗೆ ಎಂದೇ ನಾನು ಭಾವಿಸುತ್ತೇನೆ. ಇದಕ್ಕೆ ತೆರಬೇಕಾದ ಬೆಲೆ ಕಡತಗಳ ಸಂಖ್ಯೆ. ಮೇಲೆ ಹೇಳಿದ 2048ರ ಘನವನ್ನು ಪ್ರತಿ ದಿಕ್ಕಿನಲ್ಲಿ 64 ವೋಕ್ಸೆಲ್‌ಗಳ ತುಂಡುಗಳಾಗಿ ಮಾಡಿದರೆ ಪೂರ್ಣ ರೆಸಲ್ಯೂಶನ್‌ನಲ್ಲೇ 32,768 ತುಂಡುಗಳಾಗುತ್ತವೆ. 128ರ ತುಂಡುಗಳಾದರೆ 4096. ಪ್ರತಿ ತುಂಡೂ ಒಂದು ಪ್ರತ್ಯೇಕ ಕಡತವಾದಾಗ ಸಾಮಾನ್ಯ ಭಂಡಾರಗಳು ಅದನ್ನು ಸ್ವೀಕರಿಸುವುದಿಲ್ಲ; ಜಿಪ್ ಮಾಡಿ ಕೊಟ್ಟರೆ ಬ್ರೌಸರ್‌ನಲ್ಲಿ ನೋಡುವ ಅನುಕೂಲವೇ ಬಹುಮಟ್ಟಿಗೆ ಹೋಗುತ್ತದೆ. ಝಾರ್‌ನ ಮೂರನೆಯ ಆವೃತ್ತಿ ಹಲವು ತುಂಡುಗಳನ್ನು ಒಂದು ಕಡತದಲ್ಲಿ ಒಟ್ಟುಗೂಡಿಸಲು ದಾರಿ ಮಾಡಿಕೊಟ್ಟು ಈ ತೊಡಕನ್ನು ಸಾಕಷ್ಟು ಸಡಿಲಿಸಿದೆ. ಅಕ್ಷಗಳು ಮತ್ತು ವೋಕ್ಸೆಲ್ ಗಾತ್ರವನ್ನು ಒಎಂಇ-ಝಾರ್ ಚೆನ್ನಾಗಿಯೇ ದಾಖಲಿಸುತ್ತದೆ. ಸ್ಕ್ಯಾನ್ ಹೇಗಾಯಿತು ಎಂಬುದನ್ನು ಮಾತ್ರ ನೀವೇ ಬರೆದಿಡಬೇಕು.

ಯಂತ್ರ ತಯಾರಕರ ಸ್ವಂತ ರೂಪಗಳನ್ನು ಏಕೈಕ ಪ್ರತಿಯಾಗಿ ಎಂದೂ ಇಡಬಾರದು, ಏಕೆಂದರೆ ಅವುಗಳನ್ನು ಓದುವ ತಂತ್ರಾಂಶ ಎಲ್ಲರ ಬಳಿಯೂ ಇರುವುದಿಲ್ಲ. ಜೊತೆಗಿಟ್ಟರೆ ತೊಂದರೆಯಿಲ್ಲ. ಹಾಗೆಯೇ ಎಸ್‌ಟಿಎಲ್ ಅಥವಾ ಪಿಎಲ್‌ವೈ ರೂಪದ ಮೇಲ್ಮೈ ಮಾದರಿಗಳು ಬೋಧನೆಗೂ ಮುದ್ರಣಕ್ಕೂ ಉಪಯುಕ್ತವೇ ಹೊರತು ಸ್ಲೈಸ್‌ಗಳಿಗೆ ಬದಲಿಯಾಗಲಾರವು: ಯಾವುದು ಮೂಳೆ, ಯಾವುದು ಅಲ್ಲ ಎಂಬ ತೀರ್ಮಾನವನ್ನು ಅವುಗಳಲ್ಲಿ ಬೇರೊಬ್ಬರು ಆಗಲೇ ಮಾಡಿಬಿಟ್ಟಿರುತ್ತಾರೆ.

ಎಷ್ಟು ವಿವರ?

ಇಲ್ಲಿಯೂ ಆಯ್ಕೆಗಳಿವೆ. ಸರಳವಾದ ಪಠ್ಯ ಕಡತ, ಕೋಷ್ಟಕ, ಯಂತ್ರಗಳು ಓದಬಲ್ಲ ಜೆಸನ್ ಅಥವಾ ಆರ್‌ಒ-ಕ್ರೇಟ್‌ನಂತಹ ವ್ಯವಸ್ಥಿತ ಪೊಟ್ಟಣ ಇವು ಕ್ರಮವಾಗಿ ಹೆಚ್ಚು ಶ್ರಮವನ್ನೂ ಹೆಚ್ಚು ಫಲವನ್ನೂ ಕೊಡುತ್ತವೆ. ಕೆಲವೇ ಸ್ಕ್ಯಾನ್‌ಗಳಿದ್ದರೆ ಪಠ್ಯ ಕಡತ ಸಾಕು. ಹತ್ತಾರು ಸ್ಕ್ಯಾನ್‌ಗಳಾದ ಕೂಡಲೇ ಒಂದು ಸಾಲಿಗೆ ಒಂದು ಸ್ಕ್ಯಾನ್ ಇರುವ ಕೋಷ್ಟಕಕ್ಕೆ ಬದಲಾಯಿಸಬೇಕು, ಏಕೆಂದರೆ 20 ಮೈಕ್ರೊಮೀಟರ್‌ಗಿಂತ ಸೂಕ್ಷ್ಮವಾದ ಸ್ಕ್ಯಾನ್‌ಗಳನ್ನಷ್ಟೇ ಆರಿಸಿಕೊಳ್ಳುವಂತಹ ಕೆಲಸ ಪಠ್ಯ ಕಡತಗಳಿಂದ ಆಗುವುದಿಲ್ಲ. ಜೆಸನ್ ಮತ್ತು ಆರ್‌ಒ-ಕ್ರೇಟ್ ಸ್ಕ್ಯಾನಿಂಗ್ ನಿರಂತರವಾಗಿ ನಡೆಯುವ, ಕೋಡ್ ಬರೆಯಬಲ್ಲವರು ಇರುವ ಪ್ರಯೋಗಾಲಯಗಳಿಗೆ ತಕ್ಕವು.

ಯಾವ ರೀತಿ ಬರೆದರೂ ಏನನ್ನು ಬರೆಯಬೇಕು ಎಂಬುದು ಹೆಚ್ಚು ಮುಖ್ಯ. ವೋಕ್ಸೆಲ್ ಗಾತ್ರ ಮತ್ತು ಅದರ ಏಕಮಾನ, ವೋಲ್ಟೇಜ್, ಕರೆಂಟ್, ಫಿಲ್ಟರ್‌ನ ಲೋಹ ಮತ್ತು ದಪ್ಪ, ಎಕ್ಸ್‌ಪೋಷರ್ ಅವಧಿ, ಪ್ರೊಜೆಕ್ಷನ್‌ಗಳ ಸಂಖ್ಯೆ, ತಿರುಗಿದ ಒಟ್ಟು ಕೋನ, ಮೂಲದಿಂದ ಮಾದರಿಗೂ ಡಿಟೆಕ್ಟರ್‌ಗೂ ಇರುವ ದೂರ ಇಷ್ಟನ್ನು ಯಂತ್ರದ ಲಾಗ್ ಕಡತವೇ ಬಹುಮಟ್ಟಿಗೆ ಹೇಳುತ್ತದೆ. ಆದ್ದರಿಂದ ಆ ಲಾಗ್ ಕಡತವನ್ನು ತಿದ್ದದೆ ಇದ್ದಂತೆಯೇ ಸೇರಿಸುವುದು ಅತಿ ಕಡಿಮೆ ಶ್ರಮದ, ಅತಿ ಹೆಚ್ಚು ಲಾಭದ ಕೆಲಸ. ಮಾದರಿಯ ಗುರುತಿನ ಸಂಖ್ಯೆ, ಅದನ್ನು ಆಲ್ಕೊಹಾಲ್‌ನಲ್ಲಿ ಇಡಲಾಗಿತ್ತೇ, ಒಣಗಿಸಲಾಗಿತ್ತೇ, ಅಯೊಡಿನ್‌ನಂತಹ ವರ್ಣಕ ಹಾಕಲಾಗಿತ್ತೇ ಎಂಬುದು ಯಂತ್ರಕ್ಕೆ ತಿಳಿದಿರುವುದಿಲ್ಲ. ಅದನ್ನು ಮನುಷ್ಯರೇ ಬರೆಯಬೇಕು.

ಹೆಚ್ಚಾಗಿ ಬಿಟ್ಟುಹೋಗುವ ಎರಡು ಸಂಗತಿಗಳಿವೆ, ಮತ್ತು ಅವೆರಡೂ ವೈಜ್ಞಾನಿಕ ತೀರ್ಮಾನವನ್ನೇ ಬದಲಿಸಬಲ್ಲವು. ಮೊದಲನೆಯದು ಬೂದು ಮೌಲ್ಯಗಳ ಪರಿವರ್ತನೆ. 32 ಬಿಟ್‌ನ ಮರುರಚನೆಯನ್ನು 16 ಅಥವಾ 8 ಬಿಟ್‌ಗೆ ಇಳಿಸುವಾಗ ಒಂದು ಕನಿಷ್ಠ ಮತ್ತು ಒಂದು ಗರಿಷ್ಠ ಮೌಲ್ಯವನ್ನು ಆರಿಸಿರುತ್ತೇವೆ. ಆ ಎರಡು ಸಂಖ್ಯೆಗಳು ದಾಖಲಾಗದಿದ್ದರೆ, ಒಂದೇ ಸರಣಿಯ ಎರಡು ಮಾದರಿಗಳ ಸಾಂದ್ರತೆಯನ್ನು ಹೋಲಿಸುವುದು ಎಂದೆಂದಿಗೂ ಅಸಾಧ್ಯವಾಗುತ್ತದೆ. ಎರಡನೆಯದು ಸ್ಲೈಸ್‌ಗಳ ಕ್ರಮ. ಸ್ಲೈಸ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಲಾಗಿದೆಯೋ ಮೇಲಿನಿಂದ ಕೆಳಕ್ಕೋ ಎಂಬುದು ತಿಳಿಯದೆ ತಿರುವುಮುರುವಾಗಿ ಜೋಡಿಸಿದರೆ ಇಡೀ ವಸ್ತು ಕನ್ನಡಿಯ ಬಿಂಬವಾಗುತ್ತದೆ: ಬಲಕ್ಕೆ ಸುತ್ತಿದ ಬಸವನಹುಳದ ಚಿಪ್ಪು ಎಡಕ್ಕೆ ಸುತ್ತಿದಂತೆ ಕಾಣುತ್ತದೆ, ಎಡಗಾಲಿನ ಮೂಳೆ ಬಲಗಾಲಿನದಾಗುತ್ತದೆ. ಪಳೆಯುಳಿಕೆಯ ತುಣುಕೊಂದರಲ್ಲಿ ಇದನ್ನು ಕಣ್ಣಿನಿಂದ ಕಂಡುಹಿಡಿಯುವ ದಾರಿಯೇ ಇರುವುದಿಲ್ಲ. ಯಾವ ತುದಿ ಮೊದಲ ಸ್ಲೈಸ್ ಎಂಬ ಒಂದು ವಾಕ್ಯ, ಸಾಧ್ಯವಾದರೆ ಮಾದರಿಯ ಒಂದು ಸಾಮಾನ್ಯ ಛಾಯಾಚಿತ್ರ, ಈ ಅಪಾಯವನ್ನು ತಪ್ಪಿಸುತ್ತದೆ.

ಮರುರಚನೆಯ ತಂತ್ರಾಂಶ ಮತ್ತು ಅದರ ಆವೃತ್ತಿ, ತಿರುಗುವ ಅಕ್ಷದ ಸ್ಥಾನ, ಉಂಗುರದ ಕಲೆಗಳನ್ನು ತೆಗೆದ ವಿಧಾನ, ಸಿಂಕ್ರೊಟ್ರಾನ್ ದತ್ತಾಂಶವಾದರೆ ಫೇಸ್ ರಿಟ್ರೀವಲ್‌ಗೆ (ಎಕ್ಸ್-ರೇ ಅಲೆಗಳ ಹಂತದಲ್ಲಾದ ಬದಲಾವಣೆಯನ್ನು ಲೆಕ್ಕ ಹಾಕುವ ವಿಧಾನ) ಬಳಸಿದ ಮೌಲ್ಯಗಳು ಇವನ್ನೂ ಸೇರಿಸಿ. ಕೊನೆಗೆ ಪ್ರತಿ ಕಡತದ ಚೆಕ್‌ಸಮ್ (ಕಡತ ಬದಲಾಗಿಲ್ಲವೆಂದು ಪರೀಕ್ಷಿಸುವ ಸಂಖ್ಯೆ) ಕೊಡಿ. ಗಂಟೆಗಟ್ಟಲೆ ಕಾದು ಇಳಿಸಿಕೊಂಡ ಕಡತ ಸರಿಯಾಗಿದೆಯೇ ಎಂದು ತಿಳಿಯುವ ಹಕ್ಕು ಇಳಿಸಿಕೊಂಡವರಿಗಿದೆ.

ಯಾವ ಭಂಡಾರ?

ಸರ್ವವಿಷಯ ಭಂಡಾರಗಳಲ್ಲಿ ಝೆನೊಡೊ ಮೊದಲು ನೆನಪಾಗುವ ಹೆಸರು. 2013ರಲ್ಲಿ ಆರಂಭವಾದ ಇದನ್ನು ಯುರೋಪಿನ ಕಣ ಭೌತವಿಜ್ಞಾನ ಸಂಸ್ಥೆಯಾದ ಸರ್ನ್ ನಡೆಸುತ್ತದೆ; ಶುಲ್ಕವಿಲ್ಲ, ಪ್ರತಿ ದಾಖಲೆಗೂ ಡಿಒಐ ಸಿಗುತ್ತದೆ, ಹೊಸ ಆವೃತ್ತಿಗಳನ್ನು ಹಳೆಯದಕ್ಕೆ ಜೋಡಿಸಿ ಇಡಬಹುದು. ಸಾಮಾನ್ಯವಾಗಿ ಒಂದು ದಾಖಲೆಗೆ 50 ಗಿಗಾಬೈಟ್ ಮತ್ತು 100 ಕಡತಗಳ ಮಿತಿಯಿದೆ. ಮೇಲಿನ ಲೆಕ್ಕದ ಪ್ರಕಾರ, ಒಂದು ಸ್ಕ್ಯಾನ್‌ನ ಕಚ್ಚಾ ಪ್ರೊಜೆಕ್ಷನ್‌ಗಳು, 16 ಬಿಟ್‌ನ ಮರುರಚನೆ ಮತ್ತು ಕುಗ್ಗಿಸಿದ ಪ್ರತಿ ಮೂರೂ ಸೇರಿ ಇದರೊಳಗೆ ಹಿಡಿಯುತ್ತವೆ. ಆದರೆ ಝೆನೊಡೊದ ನಮೂನೆಯಲ್ಲಿ ವೋಲ್ಟೇಜ್, ವೋಕ್ಸೆಲ್ ಗಾತ್ರಗಳಿಗೆ ಪ್ರತ್ಯೇಕ ಅಂಕಣಗಳಿಲ್ಲ; ನೀವು ವಿವರಣೆಯಲ್ಲಿ ಬರೆದದ್ದಷ್ಟೇ ಹುಡುಕುವವರಿಗೆ ಸಿಗುತ್ತದೆ, ಮತ್ತು ಬರೆದದ್ದು ಸಾಲದೆಂದು ನಿಮಗೆ ಹೇಳುವವರು ಇರುವುದಿಲ್ಲ. ಇನ್ನೊಂದು ಸರ್ವವಿಷಯ ಭಂಡಾರವಾದ ಡ್ರಯಾಡ್‌ನಲ್ಲಿ ಹಾಗಲ್ಲ: ಅಲ್ಲಿ ಪರಿಶೀಲಕರು ಸಲ್ಲಿಕೆಯನ್ನು ನೋಡಿ ಕೊರತೆಗಳನ್ನು ತಿಳಿಸುತ್ತಾರೆ. ಅದಕ್ಕೆ ಪ್ರತಿಯಾಗಿ ಶುಲ್ಕವಿದೆ, ಮತ್ತು ಎಲ್ಲವೂ ಸಿಸಿ0 ಅಡಿಯಲ್ಲಿ, ಅಂದರೆ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟು ಪ್ರಕಟವಾಗಬೇಕು. ಸಂಗ್ರಹಾಲಯದ ಮಾದರಿಗಳ ವಿಷಯದಲ್ಲಿ ಈ ಷರತ್ತು ಒಪ್ಪಿಗೆಯಾಗದೆ ಹೋಗಬಹುದು.

ವಿಷಯ ಭಂಡಾರಗಳ ಬಲ ಇರುವುದು ಹುಡುಕಾಟದಲ್ಲಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮಾರ್ಫೋಸೋರ್ಸ್‌ನಲ್ಲಿ ಪ್ರತಿ ಸ್ಕ್ಯಾನ್ ಕೂಡ ಸಂಗ್ರಹಾಲಯದ ನಿರ್ದಿಷ್ಟ ಮಾದರಿಗೆ ಜೋಡಣೆಯಾಗುತ್ತದೆ, ಸ್ಕ್ಯಾನ್‌ನ ವಿವರಗಳಿಗೆ ಪ್ರತ್ಯೇಕ ಅಂಕಣಗಳಿವೆ, ಮತ್ತು ಮಾದರಿಯ ಒಡೆತನ ಇರುವ ಸಂಸ್ಥೆ ಬಯಸಿದರೆ ಅನುಮತಿ ಕೇಳಿ ಇಳಿಸಿಕೊಳ್ಳುವ ವ್ಯವಸ್ಥೆಯೂ ಇದೆ. 13,000ಕ್ಕೂ ಹೆಚ್ಚು ಕಶೇರುಕ ಮಾದರಿಗಳನ್ನು ಸ್ಕ್ಯಾನ್ ಮಾಡಿದ ಓವರ್ಟ್ ಯೋಜನೆ ತನ್ನ ದತ್ತಾಂಶವನ್ನು ಇಲ್ಲಿಯೇ ಇಟ್ಟಿದೆ. ಯಾವುದೋ ಒಂದು ಹಲ್ಲಿಯ ತಲೆಬುರುಡೆಗಾಗಿ ಹುಡುಕುವವರು ಮೊದಲು ಬರುವುದು ಇಂತಹ ತಾಣಕ್ಕೆ ಎಂಬುದೇ ಇದನ್ನು ಆರಿಸಿಕೊಳ್ಳಲು ಸಾಕಾದ ಕಾರಣ. ನಮೂನೆಗಳನ್ನು ತುಂಬುವ ಶ್ರಮ ಮಾತ್ರ ಹೆಚ್ಚು. ಮರುರಚನೆಯ ವಿಧಾನಗಳನ್ನು ಪರೀಕ್ಷಿಸುವವರಿಗಾಗಿ ಕಚ್ಚಾ ದತ್ತಾಂಶ ಇಡಲು ಆರ್ಗಾನ್‌ನ ಟೊಮೊಬ್ಯಾಂಕ್ ಇದೆ. ಶಿಲೆಗಳು ಮತ್ತು ರಂಧ್ರಯುಕ್ತ ವಸ್ತುಗಳಿಗೆ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಡಿಜಿಟಲ್ ರಾಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಭಂಡಾರವಿದೆ. ಜೀವಕೋಶ ಮತ್ತು ಅಂಗಾಂಶಗಳ ಟೆರಾಬೈಟ್ ಗಾತ್ರದ ಚಿತ್ರಗಳಿಗೆ ಯುರೋಪಿಯನ್ ಬಯೊಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯ ಎಂಪಿಯರ್ ಮತ್ತು ಬಯೊಇಮೇಜ್ ಆರ್ಕೈವ್ ಇವೆ. ಗುರುತು ತೆಗೆದುಹಾಕಿದ ಕ್ಯಾನ್ಸರ್ ಚಿತ್ರಗಳಿಗಾಗಿ ಕ್ಯಾನ್ಸರ್ ಇಮೇಜಿಂಗ್ ಆರ್ಕೈವ್ ಇದೆ.

ಸಿಂಕ್ರೊಟ್ರಾನ್ ಬಳಕೆದಾರರಿಗೆ ಮೂರನೆಯ ದಾರಿಯೊಂದಿದೆ: ಕೇಂದ್ರದ್ದೇ ಆದ ಕೆಟಲಾಗ್. ಗ್ರೆನೋಬಲ್‌ನ ಕೇಂದ್ರದ ನೀತಿಯಂತೆ ಪ್ರಯೋಗದ ಮೆಟಾಡೇಟಾ ಸ್ವಯಂಚಾಲಿತವಾಗಿ ದಾಖಲಾಗುತ್ತದೆ, ಮತ್ತು ಸಾಮಾನ್ಯವಾಗಿ ಮೂರು ವರ್ಷಗಳ ತಡೆ ಅವಧಿಯ ನಂತರ ದತ್ತಾಂಶ ಸಾರ್ವಜನಿಕವಾಗುತ್ತದೆ. ಯಂತ್ರದ ವಿವರಗಳಲ್ಲಿ ಇದಕ್ಕಿಂತ ನಿಖರವಾದದ್ದು ಬೇರೊಂದಿಲ್ಲ. ಆದರೆ ಯಂತ್ರಕ್ಕೆ ಮಾದರಿಯ ಬಗ್ಗೆ ನೀವು ಹೇಳಿದಷ್ಟೇ ಗೊತ್ತು. ಮಾದರಿಯ ಹೆಸರನ್ನು ಬೀಮ್‌ಲೈನ್‌ನಲ್ಲಿ (ಸಿಂಕ್ರೊಟ್ರಾನ್‌ನ ಪ್ರಯೋಗ ನಡೆಯುವ ಜಾಗ) ರಾತ್ರಿಯ ಪಾಳಿಯಲ್ಲಿ ಎರಡಕ್ಷರಗಳಲ್ಲಿ ಟೈಪ್ ಮಾಡಿದ್ದರೆ, ಸಾರ್ವಜನಿಕ ದಾಖಲೆಯಲ್ಲೂ ಆ ಎರಡಕ್ಷರಗಳೇ ಇರುತ್ತವೆ.

ಸ್ವಂತ ಸಂಸ್ಥೆಯ ಸರ್ವರ್‌ನಲ್ಲಿ ಇಡುವುದು ಹಲವರಿಗೆ ಆಕರ್ಷಕವಾಗಿ ಕಾಣುತ್ತದೆ: ಗಾತ್ರಕ್ಕೆ ಮಿತಿಯಿಲ್ಲ, ಬ್ರೌಸರ್ ವೀಕ್ಷಕವನ್ನು ಬೇಕಾದಂತೆ ಹೊಂದಿಸಬಹುದು. ಹೀಗೆ ಮಾಡುವವರು ಡಿಸ್ಕ್‌ನ ಬೆಲೆಯನ್ನಷ್ಟೇ ಅಲ್ಲ, ಬ್ಯಾಕಪ್, ಭದ್ರತೆ, ತಂತ್ರಾಂಶದ ಪರಿಷ್ಕರಣೆ ಮತ್ತು ಇವನ್ನು ನೋಡಿಕೊಳ್ಳುವ ಒಬ್ಬರ ಸಂಬಳವನ್ನೂ ವರ್ಷ ವರ್ಷವೂ ಲೆಕ್ಕ ಹಾಕಬೇಕು. ಗ್ರಂಥಾಲಯ ನಡೆಸುವ ಸಾಂಸ್ಥಿಕ ಭಂಡಾರವಾಗಿದ್ದು, ಡಿಒಐ ಕೊಡುತ್ತಿದ್ದರೆ ಅದು ಒಳ್ಳೆಯ ಆಯ್ಕೆಯೇ. ಒಂದು ಯೋಜನೆಯ ಜಾಲತಾಣವಾಗಿದ್ದರೆ, ನೋಡುವುದಕ್ಕೆ ಅದನ್ನು ಬಳಸಿ, ಉಳಿಸಿಡುವುದಕ್ಕೆ ಬೇರೆ ಕಡೆ ಇಡಿ.

ಅಗತ್ಯಕ್ಕೆ ತಕ್ಕ ತೀರ್ಮಾನ

ಅನುದಾನವಿಲ್ಲದ, ಮೇಜಿನ ಮೇಲಿನ ಮೈಕ್ರೊ-ಸಿಟಿ ಯಂತ್ರದಲ್ಲಿ ಕೆಲವೇ ಸ್ಕ್ಯಾನ್‌ಗಳನ್ನು ಮಾಡುವ ವಿದ್ಯಾರ್ಥಿ ಸಂಶೋಧಕರು 16 ಬಿಟ್ ಟಿಫ್ ಸರಣಿಯನ್ನು ಮಾದರಿಗೊಂದು ಜಿಪ್ ಕಡತವಾಗಿ ಮಾಡಿ, ಲಾಗ್ ಕಡತ, ವಿವರಣಾ ಪಠ್ಯ ಮತ್ತು ಕುಗ್ಗಿಸಿದ ಪ್ರತಿಯೊಂದಿಗೆ ಝೆನೊಡೊದಲ್ಲಿಡಲಿ. ಇದಕ್ಕೆ ಒಂದು ದಿನದ ಕೆಲಸವಷ್ಟೇ ಬೇಕು, ಹಣ ಬೇಡ. ಅದೇ ಸ್ಕ್ಯಾನ್‌ಗಳು ಸಂಗ್ರಹಾಲಯದ ಮಾದರಿಗಳದ್ದಾಗಿದ್ದರೆ ಮೊದಲು ಸಂಗ್ರಹದ ಉಸ್ತುವಾರಿ ಹೊತ್ತವರ ಒಪ್ಪಿಗೆ ಪಡೆದು, ನಮೂನೆ ತುಂಬುವ ಹೆಚ್ಚಿನ ಶ್ರಮವನ್ನು ಸಹಿಸಿ ಮಾರ್ಫೋಸೋರ್ಸ್‌ಗೆ ಕೊಡುವುದು ಮೇಲು.

ಟೆರಾಬೈಟ್‌ಗಳ ಲೆಕ್ಕದಲ್ಲಿ ದತ್ತಾಂಶ ಉತ್ಪಾದಿಸುವ ತಂಡಗಳು ಎಲ್ಲವನ್ನೂ ಎಲ್ಲ ರೂಪಗಳಲ್ಲೂ ಇಡಲಾರವು, ಅವು ಆರಿಸಿಕೊಳ್ಳಲೇಬೇಕು. ಮರುರಚನೆಯನ್ನು ಮತ್ತೆ ಲೆಕ್ಕ ಹಾಕಬಹುದು, ಕಚ್ಚಾ ಪ್ರೊಜೆಕ್ಷನ್‌ಗಳನ್ನು ಮತ್ತೆ ಪಡೆಯಲಾಗದು ಎಂಬುದೇ ಇಲ್ಲಿ ತೀರ್ಮಾನದ ಆಧಾರ. ಆದ್ದರಿಂದ ಎನ್‌ಎಕ್ಸ್‌ಟೊಮೊ ರೂಪದ ಪ್ರೊಜೆಕ್ಷನ್‌ಗಳನ್ನು ಕೇಂದ್ರದ ಕೆಟಲಾಗ್‌ನಲ್ಲಿ ಉಳಿಸಿ, ಜನರು ನೋಡಲು ಒಎಂಇ-ಝಾರ್ ರೂಪದ 16 ಅಥವಾ 8 ಬಿಟ್ ಮರುರಚನೆಯನ್ನು ತೆರೆದಿಟ್ಟು, 32 ಬಿಟ್‌ನ ಮಧ್ಯಂತರ ಘನಗಳನ್ನು ಬಿಟ್ಟುಬಿಡಬಹುದು. ಸುಲಭವಾಗಿ ಮತ್ತೆ ಸ್ಕ್ಯಾನ್ ಮಾಡಬಹುದಾದ ಸಾಮಾನ್ಯ ವಸ್ತುಗಳಿಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ: ಅಲ್ಲಿ ಮರುರಚನೆಯೊಂದನ್ನೇ ಉಳಿಸಿದರೂ ನಷ್ಟವಿಲ್ಲ.

ರೋಗಿಗಳ ದತ್ತಾಂಶ ಇರುವವರು ನೈತಿಕ ಸಮಿತಿಯ ಅನುಮತಿಯ ವ್ಯಾಪ್ತಿಯನ್ನು ಮೊದಲು ಓದಲಿ. ಗುರುತು ತೆಗೆದ ಮೇಲೂ ತೆರೆದಿಡಲು ಅನುಮತಿಯಿಲ್ಲದಿದ್ದರೆ, ಕಡತಗಳನ್ನು ನಿರ್ಬಂಧಿಸಿ, ದಾಖಲೆಯನ್ನು ಮಾತ್ರ ಸಾರ್ವಜನಿಕಗೊಳಿಸುವ ಸೌಲಭ್ಯ ಝೆನೊಡೊದಂತಹ ಭಂಡಾರಗಳಲ್ಲಿದೆ. ಎಷ್ಟು ಸ್ಕ್ಯಾನ್‌ಗಳು, ಯಾವ ಯಂತ್ರ, ಯಾವ ರೆಸಲ್ಯೂಶನ್, ಯಾವ ಷರತ್ತಿನ ಮೇಲೆ, ಯಾರಿಗೆ ಅರ್ಜಿ ಹಾಕಿ ಪಡೆಯಬಹುದು ಎಂಬುದು ಆ ದಾಖಲೆಯಲ್ಲಿದ್ದರೆ, ಅದೇ ಕಾಯಿಲೆಯ ಬಗ್ಗೆ ಕೆಲಸ ಮಾಡುತ್ತಿರುವ ಇನ್ನೊಬ್ಬರು ಹೊಸ ರೋಗಿಗಳನ್ನು ವಿಕಿರಣಕ್ಕೆ ಒಡ್ಡುವ ಮೊದಲು ನಿಮಗೆ ಪತ್ರ ಬರೆಯಬಲ್ಲರು.